ಹಲ್ಲಿನ ಆಸ್ಪತ್ರೆಯ ಹಲ್ಲಿ

ಮಾರ್ಚ್ ಹನ್ನೊಂದು, ಮಂಗಳವಾರ

ನಕ್ಕಿದ್ದಕ್ಕೆ ಹೀಗೆ ಹೆದರುವವನು ಈ ಊರಲ್ಲಿ ನಾನೊಬ್ಬನೇ ಇರಬೇಕು.

ಹಲ್ಲಿನ ಡಾಕ್ಟರಮ್ಮನ ಹೊಸ ಬೋರ್ಡು. ‘ಹಲ್ಲಿನ ಆಸ್ಪತ್ರೆ’ ಎಂದು ಬರೆಯುತ್ತ ಲಕಾರದ ಒತ್ತಿಗೆ ಬಂದಾಗ ಕೈ ತಾನಾಗಿಯೇ ಮುಂದಕ್ಕೆ ಓಡಿತು. ಒತ್ತಿಗೆ ಉದ್ದನೆಯ ಬಾಲ ಬಂತು, ಆಮೇಲೆ ನಾಲ್ಕು ಕಾಲು, ಎರಡು ಕಣ್ಣು. ನೋಡಿದರೆ ಹಲ್ಲಿ! ಪೊಯೆಟಿಕ್ ಲೈಸೆನ್ಸೋ ಡ್ರೈವಿಂಗ್ ಲೈಸೆನ್ಸೋ, ಕಾಲೇಜಿನಲ್ಲಿ ಕವಿಗಳ ಇಂಥ ಸ್ವಾತಂತ್ರ್ಯಕ್ಕೆ ಏನೋ ಹೆಸರು ಹೇಳಿಕೊಟ್ಟಿದ್ದರು.

ಡಾಕ್ಟರಮ್ಮ ಹೊರಗೆ ಬಂದರು. “ಏನ್ ಯಜಮಾನ್ರೇ ಇದು? ನಾನು ಹಲ್ಲು ಕೀಳೋಳು, ಹಲ್ಲಿ ಹಿಡಿಯೋಳಲ್ಲ!”

“ಅಳಿಸ್ಬಿಡ್ತೀನಮ್ಮಾ.”

“ಮುಟ್ಬೇಡಿ, ಚೆನ್ನಾಗಿದೆ. ಮಕ್ಕಳು ನಗ್ತಾ ಒಳಗೆ ಬರ್ಲಿ, ಅಳೋದು ಆಮೇಲೆ ಇದ್ದೇ ಇದೆ. ನಾಳೆ ಒಳಗಿನ ಗೋಡೆಗೂ ಏನಾದ್ರೂ ಬರೀರಿ.”

ಜೋರಾಗಿ ನಕ್ಕೆ. ಇಷ್ಟು ವರ್ಷ ಹೊಟ್ಟೆಪಾಡಿಗೆ ಎಳೆದ ಗೆರೆ ಇವತ್ತು ಆಟವಾಗಿತ್ತು, ಹುಡುಗನಾಗಿದ್ದಾಗಿನ ಹಾಗೆ. ಏಣಿ ಇಳಿದ ಮೇಲೆ ಹೊಳೆಯಿತು: ಮೂರು ಗಂಟೆ ಹೊತ್ತು ಹೆಂಡತಿಯ ನೆನಪೇ ಬಂದಿರಲಿಲ್ಲ. ಅವಳು ತೀರಿಕೊಂಡ ಎರಡು ವರ್ಷದಲ್ಲಿ ಇದೇ ಮೊದಲು. ಏಣಿ ಹಿಡಿದುಕೊಂಡು “ಕಾಗುಣಿತ ನೋಡ್ಕೊಳ್ರೀ” ಎನ್ನುತ್ತಿದ್ದವಳ ದನಿಯನ್ನು ಮನೆಗೆ ಬಂದು ನೆನೆಸಿಕೊಳ್ಳಲು ನೋಡಿದೆ. ತಕ್ಷಣ ಬರಲೇ ಇಲ್ಲ.

ಈ ಸಂತೋಷ ಅವಳನ್ನು ಎಬ್ಬಿಸಿ ಅವಳ ಜಾಗದಲ್ಲೇ ಕೂರುತ್ತದೆಯೇ? ಹಾಗಿದ್ದರೆ ನನಗೆ ಬೇಡ. ಬೆಳಿಗ್ಗೆ ಹೋಗಿ ಆಗುವುದಿಲ್ಲ ಎಂದುಬಿಡಬೇಕು. ಗೋಡೆಯೇನೋ ದೊಡ್ಡದಿದೆ, ಮೊಸಳೆಗೆ ಸರಿಯಾಗಿದೆ. ಬಾಯಿ ಕಿಟಕಿಯ ಹತ್ತಿರ ಬರಬೇಕು, ಬಾಲ ಬಾಗಿಲು ದಾಟಿ ಹೋಗಬೇಕು. ಮೊಸಳೆಗೆ ಹಲ್ಲು ಎಷ್ಟಿರುತ್ತವೆ?

ಅಯ್ಯೋ, ನೋಡು, ಮತ್ತೆ ನಗುತ್ತಿದ್ದೇನೆ.