ತೊಟ್ಟಿಲ ದೀಪದಡಿ ಮುದ್ದಕ್ಕ ಹಿಡಿಸುವುದಿಲ್ಲ

ಬೆಳಕು ಚಿಕಿತ್ಸಾ ಘಟಕದ ರಿಬ್ಬನ್ ಕತ್ತರಿಸಿದ ಆರೋಗ್ಯಾಧಿಕಾರಿಗಳೇ,

ಕೊಡುತ್ತೇವೆ ಎಂದದ್ದು: ಚರ್ಮದ ಕ್ಯಾನ್ಸರಿಗೆ ರಕ್ತವನ್ನು ಬೆಳಕಿಗೊಡ್ಡುವ ಚಿಕಿತ್ಸೆ, ಚಿತ್ರದುರ್ಗದಲ್ಲೇ. ಕೊಟ್ಟದ್ದು: ಒಂದು ಬೋರ್ಡು. ಕೊಡುವುದಿಲ್ಲ ಎಂದದ್ದು: ಸರ್ಕಾರಿ ಖರ್ಚಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೋಗಲು ಬೇಕಾದ ನಿಮ್ಮ ಸಹಿ. ಯಾಕೆ? ಬೋರ್ಡು ಇದೆಯಲ್ಲ, ಅದಕ್ಕೆ.

ನನ್ನ ಸೋದರತ್ತೆ ಮುದ್ದಕ್ಕ ಹೊಸದುರ್ಗದ ಕಡೆ ಕುರಿ ಕಾಯ್ದವಳು. ಅವಳ ಮೈಮೇಲೆ ಎದ್ದ ಕೆಂಪು ಪಟ್ಟೆಗಳಿಗೆ ನೀವೆಲ್ಲ ಸೇರಿ ಗಜಕರ್ಣದ ಮುಲಾಮು ಸವರಿಸಿದಿರಿ. ಅದು ಚರ್ಮದಲ್ಲಿ ಬೀಡುಬಿಟ್ಟ ಲಿಂಫೋಮಾ ಎಂದು ಗುರುತಿಸಿದವರು ಬೆಂಗಳೂರಿನ ತಜ್ಞರು. ಈಗ ಮೈಯೆಲ್ಲ ಕೆಂಪು. ಸೀರೆ ತಾಗಿದರೂ ಉರಿ. ರಕ್ತ ತೆಗೆದು, ಬಿಳಿ ಕಣ ಬೇರ್ಪಡಿಸಿ, ಔಷಧಿ ಬೆರೆಸಿ, ನೇರಳಾತೀತ ಬೆಳಕು ತೋರಿಸಿ ಮರಳಿ ಮೈಗೆ ಬಿಡುತ್ತೇವೆ, ತಡಮಾಡಬೇಡಿ ಎಂದರು ಅವರು. “ಅಂದ್ರೆ ಹಿಂಡಿನಾಗೆ ಕೆಲವು ಕುರಿ ಬ್ಯಾರೆ ಮಾಡಿ, ಔಸ್ತಿ ಕುಡಿಸಿ, ತಿರುಗಿ ರೊಪ್ಪಕ್ಕೆ ಬಿಟ್ಟಂಗೆ ಅನ್ರಿ” ಎಂದು ಅತ್ತೆ ಅವರನ್ನೇ ನಗಿಸಿದಳು.

ಸಹಿಗೆಂದು ನಿಮ್ಮಲ್ಲಿಗೆ ಬಂದರೆ, ಜಿಲ್ಲೆಯಲ್ಲೇ ಸೌಲಭ್ಯವಿರುವುದರಿಂದ ಹೊರಗೆ ಕಳುಹಿಸಲು ಅವಕಾಶವಿಲ್ಲ ಎಂದಿರಿ. ಆ ಸೌಲಭ್ಯದ ಬಾಗಿಲು ತೆಗೆಸಿ ನೋಡಿದೆವು. ಕಾಮಾಲೆಯಾದ ಎಳೆಗೂಸುಗಳನ್ನು ಮಲಗಿಸುವ ತೊಟ್ಟಿಲು, ಮೇಲೊಂದು ನೀಲಿ ದೀಪ. ಕೂಸುಗಳಿಗೆ ಅದು ಬೇಕು, ಇರಲಿ. “ಲೇ ಪಾಲಣ್ಣ, ಇದ್ರಾಗೆ ನನ್ ತಲೆ ಇಕ್ತಾರೋ ಕಾಲು ಇಕ್ತಾರೋ, ಕೇಳು” ಎಂದಳು ಅತ್ತೆ. ಕೇಳಿದೆ. ತಾವು ಅಪ್ಪಣೆ ಕೊಡಿಸಿದ್ದು ನೆನಪಿದೆಯೇ?

“ಬೆಳಕು ಅಂದ್ರೆ ಬೆಳಕೇ ಅಲ್ವೇನ್ರಿ? ಸಾಲಲಿಲ್ಲ ಅಂದ್ರೆ ಬಿಸಿಲಿಗೆ ಕುಂತ್ಕಳ್ರಿ. ದುರ್ಗದಾಗೆ ಅದಕ್ಕೇನು ಕಮ್ಮಿ.”

ಎಂಥ ಸಂಶೋಧನೆ ಸ್ವಾಮಿ. ಆ ಚಿಕಿತ್ಸೆ ಆದ ಮೇಲೆ ಬಿಸಿಲಿಗೆ ಮೈಯೊಡ್ಡಬಾರದು, ಕಪ್ಪು ಕನ್ನಡಕ ಹಾಕಬೇಕು ಎನ್ನುತ್ತಾರೆ ತಜ್ಞರು. ಬಿಸಿಲೇ ಮದ್ದಾಗಿದ್ದರೆ, ಜನ್ಮವಿಡೀ ಕುರಿಯ ಹಿಂದೆ ಅಲೆದ ಹೆಂಗಸು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದಳು?

ನನ್ನ ಮೇಲೂ ಕರುಣೆ ತೋರಿದಿರಿ. ನನ್ನದು ಬೆನ್ನುಮೂಳೆ ಬೆಸೆದುಕೊಳ್ಳುವ ಸಂಧಿವಾತ. “ನಿನ್ ಬೆನ್ನೂ ಇದ್ರಾಗೇ ಸರಿಹೋಗ್ತೈತೆ, ಸುಮ್ಕಿರಪ್ಪ” ಎಂದಿರಿ. ರಕ್ತಕ್ಕೆ ಬೆಳಕು ಕೊಟ್ಟರೆ ನನ್ನ ರೋಗ ವಾಸಿಯಾಗುತ್ತದೆಂದು ಇನ್ನೂ ಸಾಬೀತಾಗಿಲ್ಲ. ತಜ್ಞರು ಅದನ್ನು ನನ್ನ ಮುಖಕ್ಕೇ ಹೇಳಿದ್ದಾರೆ. ಸಾಬೀತಾಗದ್ದನ್ನು ನನಗೆ ಬಾಯಿಮುಚ್ಚುವ ಲಂಚವಾಗಿ ಕೊಟ್ಟು, ಅತ್ತೆಗೆ ಬೇಕಾದದ್ದನ್ನು ನಿರಾಕರಿಸುವುದು ಯಾವ ವೈದ್ಯಶಾಸ್ತ್ರ? ಬಗ್ಗಿ ನಮಸ್ಕಾರ ಮಾಡಲಿಲ್ಲ, ಸೊಕ್ಕು ಎಂದು ಗೊಣಗಿದಿರಂತೆ. ನನಗೆ ಬಗ್ಗಲು ಬರುವುದಿಲ್ಲ. ಬಂದಿದ್ದರೂ ಬಗ್ಗುತ್ತಿರಲಿಲ್ಲ.

ಬೋರ್ಡು ಇಳಿಸಿ, ಸಹಿ ಹಾಕಿ. ಇಷ್ಟೇ ನಮ್ಮ ಹಕ್ಕೊತ್ತಾಯ. ಹಾಕದಿದ್ದರೆ ಆ ತೊಟ್ಟಿಲಲ್ಲಿ ದೊಡ್ಡವರು ಮಲಗುವ ಬಗೆಯನ್ನು ಹಿರಿಯೂರು, ಹೊಳಲ್ಕೆರೆಯಿಂದ ಬರುವ ಜನರೆದುರು ತಾವೇ ಮಲಗಿ ತೋರಿಸಬೇಕು. ಸಭೆ ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ನಿಮ್ಮ ಕಚೇರಿಯ ಬೇವಿನ ನೆರಳಿನಲ್ಲಿ; ಅತ್ತೆಗೆ ಬಿಸಿಲು ಆಗುವುದಿಲ್ಲ.

ಇಂತಿ,
ಬೆನ್ನು ಬಗ್ಗದ, ನಿಮ್ಮ ತೊಟ್ಟಿಲಲ್ಲೂ ಹಿಡಿಸದ
ಪಾಲಣ್ಣ, ಹೊಸದುರ್ಗ