ಸ್ಪ್ಯಾನರಿಗೆ ಪೂಜೆ, ತಪಾಸಣೆಗೆ ರಜೆ

ಮಾನ್ಯ ವಿಮಾನ ತಪಾಸಣಾಧಿಕಾರಿಗಳೇ,

ಹಳ್ಳಿಮೈಸೂರಿನ ಪಕ್ಕ ರಾಗಿ ಹೊಲಕ್ಕೆ ಬಿದ್ದ ತರಬೇತಿ ವಿಮಾನದ ಕುರಿತು ತಾವು ಕೊಟ್ಟ ವರದಿ ಓದಿದೆ. ‘ವಿದ್ಯಾರ್ಥಿನಿಯ ಅಜಾಗರೂಕತೆ’ ಎಂದಿದ್ದೀರಿ. ಆಕಾಶದಲ್ಲಿ ನಿಂತುಹೋದ ಎಂಜಿನ್ನನ್ನು ಒಮ್ಮೆಯೂ ಬಿಚ್ಚದೆ ಅದರೊಳಗಿನ ಸತ್ಯ ಕಂಡ ತಮ್ಮ ದಿವ್ಯದೃಷ್ಟಿಗೆ ನಮಸ್ಕಾರ. ಆ ಒಂದು ಸಾಲಿನಿಂದ ಚನ್ನರಾಯಪಟ್ಟಣದ ಮಾನಸಾಳ ಹಾರಾಟದ ಪರವಾನಗಿ ನಿಂತುಹೋಗಿದೆ. ಅಜಾಗರೂಕತೆ ಅವಳದಲ್ಲ. ಅರ್ಧ ತಮ್ಮದು, ಇನ್ನರ್ಧ ನನ್ನದು. ನನ್ನ ಪಾಲನ್ನು ಒಪ್ಪಿಸಲು ಈ ಪತ್ರ.

ನಾನು ಹಾಸನದ ಹೊರವಲಯದ ಆ ಖಾಸಗಿ ತರಬೇತಿ ಶಾಲೆಯ ಸ್ಟೋರ್ ಕೀಪರ್. ಕನ್ನಡ ಮಾಧ್ಯಮದ ಬಿ.ಎ. ಎಂಜಿನ್ನಿನ ಗಂಧ ಕಡಿಮೆ, ಪ್ರಾಸದ ಚಪಲ ಜಾಸ್ತಿ. ಶೆಡ್ಡಿನ ಗೋಡೆಗೆ ‘ಮೊದಲು ನೋಟ, ಆಮೇಲೆ ಹಾರಾಟ’ ಎಂದು ಬರೆಸಿದವನು ನಾನೇ. ವಾರ್ಷಿಕ ತಪಾಸಣೆಗೆ ಬಂದಾಗ ತಾವು ಅದನ್ನು ಓದಿ ನನ್ನ ಬೆನ್ನು ತಟ್ಟಿದ್ದಿರಿ. ನೆನಪಿರಬೇಕು, ಅಂದು ಆಯುಧಪೂಜೆ. ತಪಾಸಣೆಗೆ ಬೇರೆ ದಿನ ಸಿಗಲಿಲ್ಲವೇ ಎಂದು ಕೇಳುವುದಿಲ್ಲ. ಪುಳಿಯೋಗರೆ ಸಿಗುವ ದಿನ ಅದೊಂದೇ.

ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ, ನಮ್ಮ ಕಡೆಯ ಪದ್ಧತಿ ತಮಗೂ ಗೊತ್ತು. ಸ್ಪ್ಯಾನರುಗಳನ್ನೆಲ್ಲ ತೊಳೆದು, ಸಾಲಾಗಿಟ್ಟು, ಕುಂಕುಮವಿಟ್ಟಿದ್ದೆ. ವಿಮಾನದ ಮೂತಿಗೂ ಕುಂಕುಮ, ಚೆಂಡುಹೂವಿನ ಹಾರ, ರೆಕ್ಕೆಗೆ ಬಾಳೆಕಂದು. ಆಗ ಮಾನಸಾ ಬಂದಳು.

“ಸಾ, ನೆನ್ನೆ ಮೇಲ್ಗಡೆ ಎಂಜಿನ್ ಕೆಮ್ತು. ಒಂದ್ಸಲ ಬಿಚ್ಚಿ ನೋಡ್ಸಿ ಸಾ.”

ಮೆಕ್ಯಾನಿಕ್ ಮೋಹನ್‌ಕುಮಾರ್ ಸ್ಪ್ಯಾನರಿಗೆ ಕೈ ಚಾಚಿದ. ನಾನು ತಡೆದೆ. “ಲೇ, ಪೂಜೆಗಿಟ್ಟಿರೋದ್ನ ಎತ್ತಬ್ಯಾಡ ಕಣ್ಲಾ. ಕೆಮ್ಮಿದ್ರೆ ಸುಂಠಿ ಕಷಾಯ ಕುಡ್ಸಾನ ಬುಡು.”

ಎಲ್ಲರೂ ನಕ್ಕರು. ತಾವೂ ನಕ್ಕಿರಿ. “ನಾಳೆ ನೋಡ್ಕಳ್ರಪ್ಪ” ಎಂದು, ಮುಚ್ಚಿದ ಎಂಜಿನ್ನಿಗೆ ಮಂಗಳಾರತಿ ಎತ್ತಿ, ‘ಸುಸ್ಥಿತಿಯಲ್ಲಿದೆ’ ಎಂದು ಸಹಿ ಹಾಕಿ ಹೊರಟಿರಿ. ಮಾರನೆಯ ದಿನ, ಸಾಹೇಬರ ಸಹಿಯೇ ಇರುವಾಗ ಬಿಚ್ಚುವುದೇಕೆ ಎಂದರು ಮಾಲೀಕರು. ಮಾಲೀಕರೇ ಹಾಗೆಂದ ಮೇಲೆ ನಮಗೇಕೆ ಎಂದೆವು ನಾವು. ಅದೇ ದಿನ ಒಬ್ಬಳೇ ಹಾರುವ ಮುಂಚೆ ಮಾನಸಾ ಮತ್ತೆ ಕೇಳಿದಳು. “ನೋಡಾಯ್ತು, ಓಗಮ್ಮ” ಎಂದವನು ನಾನು. ಯಾರೂ ನೋಡಿರಲಿಲ್ಲ.

ಎಂಜಿನ್ ನಿಂತ ವಿಮಾನವನ್ನು ಅವಳು ಹೇಗೋ ಹೊಲಕ್ಕೆ ಇಳಿಸಿದ್ದಳು. ಹೊಲದ ಒಡತಿ ಪುಟ್ಟತಾಯಮ್ಮ ಅವಳನ್ನು ಹೊರಗೆ ಎಳೆದು, ನಾವು ತಲುಪುವ ಹೊತ್ತಿಗೆ ನೀರು ಕುಡಿಸುತ್ತಿದ್ದರು. ವಿಮಾನದ ಮೂತಿ ತೋರಿಸಿ, “ಕುಂಕ್ಮ ಇಕ್ಕಂಡು ಬೀಗ್ರೂಟಕ್ಕೆ ಬಂದಂಗ್ ಬಂದೈತಲ್ಲಪ್ಪ ನಿಮ್ಮ ಇಮಾನ. ರಾಗಿ ಓದ್ರೆ ಓಗ್ಲಿ, ಕೂಸು ಉಳ್ಕತು” ಎಂದರು. ಅಂದು ನನಗೆ ಯಾವ ಪ್ರಾಸವೂ ಹೊಳೆಯಲಿಲ್ಲ.

ಕಾಲಿಗೆ ಕಟ್ಟು ಹಾಕಿಸಿಕೊಂಡು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದ ಮಾನಸಾ ಬೈಯಲಿಲ್ಲ.

“ಸಾ, ಕೆಮ್ಮುತ್ತೆ ಅಂತ ನಾನ್ ಹೇಳಿದ್ನಲ್ವಾ?”

“ಹೇಳಿದ್ದೆ ಕಣಮ್ಮ.”

“ಹಂಗಾದ್ರೆ ಅದನ್ನ ವಿಚಾರಣೆಗೆ ಬರೋರ್ಗೂ ಹೇಳಿ.”

ತಮ್ಮ ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳದೇ ಹೋದದ್ದು ಆಗ ನೆಮ್ಮದಿಯೇ ಆಗಿತ್ತು. ಆ ನೆಮ್ಮದಿ ಈಗ ನಿದ್ದೆಗೆ ಒದಗುತ್ತಿಲ್ಲ.

ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ. ಎಂಜಿನ್ ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಇದೆ. ಗುಜರಿಗೆ ಹೋಗುವ ಮುನ್ನ ಮಾನಸಾಳ ಎದುರಿಗೇ ಅದನ್ನು ಬಿಚ್ಚಿಸಿ. ಇಂಧನ ಸೋಸುವ ಫಿಲ್ಟರ್ ಮಳೆಗಾಲಕ್ಕೆ ಮೊದಲೇ ಬದಲಾಗಬೇಕಿತ್ತು, ಒಳಗಿರುವುದು ಹಳೆಯದೇ. ಹೇಗೆ ಗೊತ್ತು ಎನ್ನುತ್ತೀರಾ? ಹೊಸದು ನನ್ನ ಸ್ಟೋರಿನಲ್ಲೇ ಇತ್ತು. ಅದನ್ನೂ ಸ್ಪ್ಯಾನರುಗಳ ಸಾಲಿನಲ್ಲಿಟ್ಟು ಪೂಜೆ ಮಾಡಿದ್ದೆ. ರಿಜಿಸ್ಟರ್ಡ್ ಅಂಚೆಯಲ್ಲಿ ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕುಂಕುಮ ಒರೆಸಿಲ್ಲ.

ವರದಿಯಲ್ಲಿ ಅವಳ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಪಕ್ಕದಲ್ಲಿ ತಮ್ಮ ಹೆಸರಿಗೂ ಒಂದಿಷ್ಟು ಜಾಗ ಬಿಡಿ.

ಇಂತಿ,
ಗೋಡೆಗೆ ಬರೆಸಿದ್ದನ್ನು ತಾನೇ ಓದದ
ಕಾಂತರಾಜು