ಹಗ್ಗದಾಚೆ ಕೂತಿರುವುದು ನನ್ನ ದೊಡ್ಡಮ್ಮ

ಬೆಟ್ಟದ ಹಳೆಯ ಊರುಗಳನ್ನೂ ಅವುಗಳ ನಡುವಿನ ರಕ್ಷಿತಾರಣ್ಯವನ್ನೂ ಒಟ್ಟಿಗೇ ಕಾಪಾಡಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಇಲಾಖೆ ನನ್ನ ದೊಡ್ಡಮ್ಮನನ್ನು ಪ್ರದರ್ಶನಕ್ಕಿಟ್ಟಿದೆ. ಅವಳ ಒಡಹುಟ್ಟಿದ ತಂಗಿ, ಅಂದರೆ ನನ್ನ ಅಮ್ಮ, ಅವಳನ್ನು ನೋಡಬೇಕಾದರೆ ಟಿಕೆಟ್ ಕೊಂಡು, ಹಗ್ಗದ ಈಚೆ ನಿಂತು, ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡಬೇಕು. ಇದನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಇನ್ನೂ ಸಭ್ಯವಾದ ಪದಕ್ಕಾಗಿ ಹುಡುಕಿದೆ, ಸಿಗಲಿಲ್ಲ.

ಅಮ್ಮ ಇರುವುದು ಕೆಳಗಿನ ಊರಿನಲ್ಲಿ, ದೊಡ್ಡಮ್ಮ ಮೇಲಿನ ಊರಿನಲ್ಲಿ. ನಡುವೆ ಕಾಡು, ಕಾಡಿನಲ್ಲೊಂದು ಕಾಲುದಾರಿ, ದಾರಿ ತಿರುಗುವಲ್ಲಿ ಒಂದು ದೊಡ್ಡ ಬಂಡೆ. ಕೆಳಗಿನಿಂದ ಹತ್ತಿ ಬಂದವರು ಆ ಬಂಡೆಯ ಮೇಲೆ ನಿಂತು ಒಂದು ಕೂಗು ಹಾಕುವುದು, ಅದನ್ನು ಕೇಳಿದ ಮನೆಯವರು ಒಲೆಯ ಮೇಲೆ ನೀರಿಡುವುದು ನಮ್ಮ ಪದ್ಧತಿ. ಒಬ್ಬೊಬ್ಬರ ಕೂಗೂ ಬೇರೆ. ಅಮ್ಮನದು ಉದ್ದಕ್ಕೆ ಎಳೆದುಕೊಂಡು ಹೋಗಿ ಕೊನೆಯಲ್ಲಿ ತಟ್ಟನೆ ನಿಲ್ಲುತ್ತದೆ. ದೊಡ್ಡಮ್ಮನ ಕಣ್ಣು ಮಂಜಾದ ಮೇಲಂತೂ ತಂಗಿ ಬಂದಳೆಂದು ತಿಳಿಯಲು ಅವಳು ನೆಚ್ಚಿಕೊಂಡಿದ್ದ ಗುರುತು ಅದೊಂದೇ.

ಆಮೇಲೆ ನೀವು ಬಂದಿರಿ. ಕಾಡು ರಕ್ಷಿತವಾಯಿತು, ಊರು ಪಾರಂಪರಿಕವಾಯಿತು, ಮೇಲಿನ ಊರಿನಲ್ಲಿ ಮನೆಯಿಲ್ಲದವರೆಲ್ಲ ಒಂದೇ ಏಟಿಗೆ ಪ್ರವಾಸಿಗರಾದರು. “ಅಕ್ಕನ್ನ ನೋಡೋಕೂ ಟಿಕೆಟ್ಟಾ ಸ್ವಾಮಿ?” ಎಂದು, ಅಮ್ಮನನ್ನು ಕರೆದುಕೊಂಡು ಹೋದ ದಿನ, ಅವಳ ಪರವಾಗಿ ಕೌಂಟರಿನಲ್ಲಿ ಕೇಳಿದೆ. “ಅಕ್ಕ ತಂಗಿ ಅಂತೆಲ್ಲ ಇಲ್ಲಿಲ್ಲ ಮೇಡಂ. ದೊಡ್ಡವರು, ಮಕ್ಕಳು, ಕ್ಯಾಮೆರಾ. ಯಾವುದು ಕೊಡ್ಲಿ?” ಎಂದರು. ನಾನು ಬಸ್ ಕಂಡಕ್ಟರ್. ಬೆಳಗಿನಿಂದ ಸಂಜೆವರೆಗೂ ಟಿಕೆಟ್ ಹರಿಯುವುದೇ ನನ್ನ ಕೆಲಸ. ಆದರೆ ನಾನು ಜನರನ್ನು ಅವರು ಇಳಿಯಬೇಕಾದ ಕಡೆ ಇಳಿಸುತ್ತೇನೆ.

ಬಂಡೆಯ ಹತ್ತಿರ ಬಂದಾಗ ಅಮ್ಮ ಅಭ್ಯಾಸಬಲದಿಂದ ಉಸಿರೆಳೆದುಕೊಂಡಳು. ಗೈಡ್ ಓಡಿ ಬಂದು ತುಟಿಗೆ ಬೆರಳಿಟ್ಟ. “ಅಜ್ಜೀ, ನಿಶ್ಶಬ್ದ ವಲಯ ಇದು. ಹಕ್ಕಿಗಳಿಗೆ ತೊಂದ್ರೆ ಆಗತ್ತೆ.” ಇಷ್ಟು ವರ್ಷ ಅಮ್ಮನ ಕೂಗು ಕೇಳಿಕೊಂಡೂ ಹಕ್ಕಿಗಳು ಇಲ್ಲೇ ಇದ್ದವಲ್ಲ? ನಿಮ್ಮ ಜೀಪುಗಳು ಹಾರ್ನ್ ಬಾರಿಸುತ್ತ ಹತ್ತುವಾಗ ಅವು ಕಿವಿ ಮುಚ್ಚಿಕೊಂಡಿರುತ್ತವೆಯೇ? ಅಮ್ಮ ಕೂಗನ್ನು ನುಂಗಿಕೊಂಡು ಸುಮ್ಮನೆ ಹತ್ತಿದಳು.

ದೊಡ್ಡಮ್ಮ ಬಾಗಿಲ ಮುಂದೆ ಬೀಸುವ ಕಲ್ಲು ತಿರುಗಿಸುತ್ತ ಕೂತಿದ್ದಳು. ಕಲ್ಲಿನಲ್ಲಿ ಕಾಳಿರಲಿಲ್ಲ. ಜೀವಮಾನವೆಲ್ಲ ಅವಳು ದುಡಿದದ್ದು ಹೊಲಿಗೆ ಮೆಷಿನ್ನಿನ ಮೇಲೆ. ಊರಿನ ಮಕ್ಕಳ ಅಂಗಿಗಳೆಲ್ಲ ಅವಳು ಹೊಲಿದವೇ. ಮೆಷಿನ್ನು ಮನೆಯ ಕಾಲಮಾನಕ್ಕೆ ಹೊಂದುವುದಿಲ್ಲವೆಂದು ನಿಮ್ಮವರು ಅದನ್ನು ಕೊಟ್ಟಿಗೆಗೆ ದಬ್ಬಿ, ಎಲ್ಲಿಂದಲೋ ಈ ಕಲ್ಲು ತಂದು ಕೂರಿಸಿದರಂತೆ. ಮಾನ್ಯರೇ, ಖಾಲಿ ಕಲ್ಲು ಬೀಸುವುದು ಯಾರ ಮನೆಯ ಪರಂಪರೆ?

ಮೊಬೈಲ್ ಎತ್ತಿ ಹಿಡಿದವರ ಗುಜುಗುಜಿನ ನಡುವೆ ಅಮ್ಮ ಮೆಲ್ಲಗೆ “ಅಕ್ಕಾ” ಎಂದಳು. ದಿನವೂ ಎಷ್ಟು ಜನ ಹಾಗೆ ಕರೆಯುತ್ತಾರೋ! ದೊಡ್ಡಮ್ಮ ತಲೆಯೆತ್ತಿ, ನಿಮ್ಮವರು ಕಲಿಸಿಕೊಟ್ಟ ನಗೆ ನಕ್ಕು, ಒಡಹುಟ್ಟಿದವಳಿಗೆ ಹೇಳಿದಳು: “ಬನ್ನಿ ಬನ್ನಿ, ಫೋಟೋ ತೆಕ್ಕೊಳ್ಳಿ. ಹಗ್ಗ ಮಾತ್ರ ದಾಟಬೇಡಿ.”

ಮರುಗಳಿಗೆಯಲ್ಲಿ ಅಮ್ಮ ಕೂಗಿದಳು, ಬಂಡೆಯ ಹತ್ತಿರ ನುಂಗಿದ್ದನ್ನೂ ಸೇರಿಸಿ ಕೂಗಿದಳು. ಕಲ್ಲು ನಿಂತಿತು. “ಪುಟ್ಟೀ! ಬಂದ್ಯೇನೇ? ತಾಳು, ನೀರಿಡ್ತೀನಿ” ಎನ್ನುತ್ತ ದೊಡ್ಡಮ್ಮ ತಡಕಾಡಿಕೊಂಡು ಎದ್ದಳು. ಎದ್ದವಳು ತಂಗಿಯ ಕಡೆಗೆ ಬರಲಿಲ್ಲ, ಒಳಗೆ ಒಲೆಯ ಕಡೆಗೆ ಹೋದಳು. ಕೂಗು ಕೇಳಿತೆಂದರೆ ತಂಗಿ ಇನ್ನೂ ಬಂಡೆಯ ಬಳಿ ಇದ್ದಾಳೆಂದೇ ಅವಳ ಲೆಕ್ಕ. ಅವಳು ಹೊರಗೆ ಬರುವಷ್ಟರಲ್ಲಿ ನಮ್ಮ ಹತ್ತು ನಿಮಿಷ ಮುಗಿದಿತ್ತು. ಕೈಮುಗಿದು ಬೇಡಿದರೂ ಗೈಡ್ ನಮ್ಮನ್ನು ಕುರಿಗಳ ಹಾಗೆ ಅಟ್ಟಿಕೊಂಡು ಹೊರಟ. ಪ್ರವಾಸಿಗರು, ಇದೂ ಟಿಕೆಟ್ಟಿನೊಳಗೇ ಬಂತೆಂದು ತಿಳಿದು, ಚಪ್ಪಾಳೆ ತಟ್ಟಿದರು.

ಇಷ್ಟಕ್ಕೇ ಮುಗಿದಿದ್ದರೆ ಹಲ್ಲುಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಮೊನ್ನೆ ನಿಮ್ಮ ಕಚೇರಿಯವರೊಬ್ಬರು ಮನೆಗೇ ಬಂದರು. ಆ ಕೂಗು ಜನಕ್ಕೆ ತುಂಬ ಹಿಡಿಸಿದೆಯಂತೆ. ಅಮ್ಮ ದಿನಾ ಬಂಡೆಯ ಮೇಲೆ ನಿಂತು ಕೂಗಬೇಕಂತೆ, ಸಂಬಳ ಕೊಡುತ್ತಾರಂತೆ. “ಮತ್ತೆ ಹಕ್ಕಿಗಳ ಗತಿ?” ಎಂದೆ. “ಕಾರ್ಯಕ್ರಮಕ್ಕೆ ವಿನಾಯ್ತಿ ಇದೆ” ಎಂದರು. ಥೂ ಎನ್ನುವುದೊಂದು ಬಾಕಿ. ಮೇಲಿನ ಊರಿಗೆ ಅಮ್ಮನನ್ನು ಬಿಡುತ್ತೀರಾ ಎಂದರೆ, ಬಂಡೆಯವರೆಗೆ ಮಾತ್ರ ಎಂದರು.

ಅಮ್ಮ ಸಿಟ್ಟು ಮಾಡಲಿಲ್ಲ. “ನಾನು ದಿನಾ ಕೂಗಿದ್ರೆ ಅಕ್ಕ ದಿನಾ ನೀರಿಡ್ತಾಳಪ್ಪ. ಬರದೇ ಇರೋಳು ಯಾಕೆ ಕೂಗಲಿ?” ಎಂದಳು.

ಕಾಡನ್ನು ಕಾಯಬೇಡಿ ಎಂದು ನಾನು ಹೇಳುತ್ತಿಲ್ಲ. ಪ್ರವಾಸಿಗರೂ ಬರಲಿ, ಹಳೆಯ ಗೋಡೆಗಳನ್ನು ಕಣ್ತುಂಬ ನೋಡಲಿ. ಆದರೆ ಕಾಲುದಾರಿಯನ್ನು ಎರಡೂ ಊರಿನವರಿಗೆ ಬಿಟ್ಟುಕೊಡಿ. ದೊಡ್ಡಮ್ಮನ ಮೆಷಿನ್ನನ್ನು ಅದರ ಜಾಗದಲ್ಲಿಡಿ. ಹಗ್ಗ ಬಿಚ್ಚಿಸಿ. ಸಮಿತಿ ಬೇಡ, ಪರಿಶೀಲನೆ ಬೇಡ, ಗಂಟು ಬಿಚ್ಚಲು ಎರಡು ಕೈ ಸಾಕು. ಅಮ್ಮ ಮತ್ತೆ ಆ ಬಂಡೆಯ ಮೇಲೆ ನಿಂತು ಕೂಗಬೇಕು, ಬರುವವಳಾಗಿಯೇ ಕೂಗಬೇಕು.

ಇಂತಿ,
ಅಕ್ಕ ತಂಗಿಯರ ನಡುವೆ ಟಿಕೆಟ್ ಹರಿಯುವುದನ್ನು ಇನ್ನೂ ಕಲಿಯದ ಒಬ್ಬ ಕಂಡಕ್ಟರ್